ಶಾಲು ಬೇಡ, ಸಂಬಳ ಕೊಡಿ!

ಕನ್ನಡದ ಯುವಕರೇ, ಒಂದು ಪ್ರಶ್ನೆಗೆ ಉತ್ತರ ಹೇಳಿ. ಇವತ್ತು ಬೆಳಗ್ಗೆ ಎದ್ದವರೇ ಗೆಳೆಯನಿಗೆ 'ಎಲ್ಲಿದ್ದೀಯೋ ಮಾರಾಯ?' ಎಂದು ಫೋನಿನಲ್ಲಿ ಕನ್ನಡದಲ್ಲೇ ಬರೆದು ಕಳಿಸಿದಿರಿ. ಸಂತೋಷ. ಆ 'ಲ್ಲಿ'ಯ ಕೆಳಗೆ ಲಕಾರದ ಒತ್ತು, 'ದ್ದೀ'ಯ ಕೆಳಗೆ ದಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಎಲ್ಲವೂ ತಂತಮ್ಮ ಜಾಗದಲ್ಲಿ ಬಂದು ಕೂತವಲ್ಲ, ಅವನ್ನು ಕೂರಿಸಿದವರು ಯಾರು?

ಸರ್ಕಾರ ಅಲ್ಲ. ಪ್ರಾಧಿಕಾರ, ಪರಿಷತ್ತು ಯಾವುದೂ ಅಲ್ಲ. ಕೈಯಲ್ಲಿ ಬಾವುಟ ಹಿಡಿದು ಮೈಸೂರು ಬ್ಯಾಂಕ್ ವೃತ್ತದಲ್ಲಿ ಘೋಷಣೆ ಕೂಗುವ ನಾವಂತೂ ಖಂಡಿತ ಅಲ್ಲ. ಆ ಕೆಲಸ ಮಾಡಿದ್ದು ಹಾರ್ಫ್‌ಬಜ್ ಎಂಬ ಒಂದು ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವೆಲ್ಲದರ ಹೊಟ್ಟೆಯೊಳಗೆ ಕೂತು ಅಕ್ಷರಕ್ಕೆ ಒತ್ತು ಜೋಡಿಸುವುದೇ ಅದರ ಕಸುಬು. ಅದನ್ನು ಮುಖ್ಯವಾಗಿ ಬರೆದವರು ಇರಾನ್ ಮೂಲದ ಬೆಹ್ದಾದ್ ಎಸ್ಫಾಬೋದ್. ಹೆಸರೂ ಫಾರಸಿಯದೇ. ಕನ್ನಡದ ಒತ್ತಕ್ಷರ ನೆಟ್ಟಗೆ ನಿಲ್ಲಲು ಫಾರಸಿ ಮಾತಾಡುವ ಒಬ್ಬರು ವರ್ಷಗಟ್ಟಲೆ ದುಡಿದಿದ್ದಾರೆ! ಅವರು ಹಾಗೆ ದುಡಿಯಲು ಸಾಧ್ಯವಾದದ್ದು ಹೇಗೆ? ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳು ಅವರಿಗೆ ತಿಂಗಳ ಸಂಬಳ ಕೊಟ್ಟವು. ಈ 'ತಿಂಗಳ ಸಂಬಳ' ಎಂಬ ಎರಡು ಪದಗಳನ್ನು ನೆನಪಿನಲ್ಲಿಡಿ. ಇವತ್ತಿನ ಮಾತೆಲ್ಲ ಅದರ ಸುತ್ತವೇ.

ಹಾರ್ಫ್‌ಬಜ್ ಓಪನ್ ಸೋರ್ಸ್ ತಂತ್ರಾಂಶ, ನಮ್ಮವರ ಮಾತಿನಲ್ಲಿ ಮುಕ್ತ ತಂತ್ರಾಂಶ. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮಂಥ ಭಾಷೆಯವರಿಗೆ ಇದು ವರ. ಕನ್ನಡಕ್ಕೆ ಮಾರುಕಟ್ಟೆ ಇಲ್ಲ ಎಂದು ಮೂಗು ಮುರಿಯುವ ಕಂಪನಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವ ಬದಲು, ನಮಗೆ ಬೇಕಾದ್ದನ್ನು ನಾವೇ ಸೇರಿಸಿಕೊಳ್ಳಬಹುದು. ಆದರೆ ಮುಕ್ತ ಅಂದರೆ ಪುಕ್ಕಟೆ ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು! ಬರೆದವನ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ಕೇಳಿದವರುಂಟೆ?

ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಒಬ್ಬ ಹುಡುಗನಿಗೆ ಸನ್ಮಾನ ಮಾಡಿದೆವು. ನುಡಿ, ಬರಹದ ಕಾಲದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿಟ್ಟ ಕಡತವನ್ನು ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದಲ್ಲ, ಅದನ್ನು ಯೂನಿಕೋಡ್ ಕನ್ನಡಕ್ಕೆ ತಿರುಗಿಸುವ ಒಂದು ಸಾಧನವನ್ನು ಅವನು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಎಲ್ಲ ಆಯಿತು. ಫೋಟೋ ಆಯಿತು. ಅತಿಥಿಗಳು ಮುಕ್ಕಾಲು ಗಂಟೆ ಕನ್ನಡದ ಎರಡು ಸಾವಿರ ವರ್ಷದ ಇತಿಹಾಸ ಹೇಳಿದ್ದೂ ಆಯಿತು. ವೇದಿಕೆಯ ಹಿಂದೆ ಆ ಹುಡುಗ ಮೆಲ್ಲಗೆ ಕೇಳಿದ: 'ಅಣ್ಣಾ, ಸರ್ವರಿನ ಬಾಡಿಗೆ ಈ ಸಲ ಕಟ್ಟೋಕಾಗಿಲ್ಲ. ಸಂಘದಿಂದ ಏನಾದರೂ ಆಗುತ್ತಾ?' ಖಜಾಂಚಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಧ್ವನಿವರ್ಧಕದವನಿಗೆ, ಶಾಮಿಯಾನದವನಿಗೆ, ಆರ್ಕೆಸ್ಟ್ರಾದವರಿಗೆ ಕೊಟ್ಟು ಮುಗಿದಿತ್ತು ದುಡ್ಡು. ಹಣ್ಣಿನ ಬುಟ್ಟಿ ಹಿಡಿದುಕೊಂಡು ಅವನು ಬಸ್ಸು ಹತ್ತಿದ. ಅವನ ಹೆಸರು ಬರೆಯುವುದಿಲ್ಲ. ಬೇಡ ಎಂದಿದ್ದಾನೆ.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ, ಜಗತ್ತಿನದು. ಮುಕ್ತ ತಂತ್ರಾಂಶಕ್ಕೆ ದುಡ್ಡು ಎಲ್ಲಿಂದ ತರಬೇಕು ಎಂದು ಕೇಳಿದರೆ ಬಹುಪಾಲು ಜನ ಎರಡು ದಾರಿ ತೋರಿಸುತ್ತಾರೆ. ಒಂದು, ಕ್ರೌಡ್‌ಫಂಡಿಂಗ್. ದೊಡ್ಡ ಹೆಸರಿಗೆ ಹೆದರಬೇಡಿ, ಇದು ನಮ್ಮ ಚಂದಾ ಎತ್ತುವುದೇ. ಇನ್ನೊಂದು, ಬೌಂಟಿ. ಹಿಂದೆ ನರಭಕ್ಷಕ ಹುಲಿ ಹೊಡೆದವನಿಗೆ ಸರ್ಕಾರ ಇನಾಮು ಕೊಡುತ್ತಿತ್ತಲ್ಲ, ಅದೇ ಲೆಕ್ಕ. 'ಈ ತಪ್ಪು ಸರಿಪಡಿಸಿದವರಿಗೆ ಇಷ್ಟು, ಈ ಹೊಸ ಅನುಕೂಲ ಸೇರಿಸಿದವರಿಗೆ ಇಷ್ಟು' ಎಂದು ಹಣ ಕಟ್ಟಿಡುವುದು. ಮೊದಲು ಮುಗಿಸಿದವನಿಗೆ ಗಂಟು.

ಚಂದಾದ ಶಕ್ತಿಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಗಾಂಧಿನಗರದಲ್ಲಿ ನಿರ್ಮಾಪಕರು ಸಿಗದಿದ್ದಾಗ ಪವನ್ ಕುಮಾರ್ 'ಲೂಸಿಯಾ' ಚಿತ್ರಕ್ಕೆ ನೇರ ಪ್ರೇಕ್ಷಕರ ಮುಂದೆ ಕೈ ಚಾಚಿದರು. 27 ದಿನದಲ್ಲಿ 110 ಜನರಿಂದ 51 ಲಕ್ಷ ರೂಪಾಯಿ! 2013ರಲ್ಲಿ ಬಿಡುಗಡೆಯಾದ ಆ ಚಿತ್ರ ಏನು ಮಾಡಿತೆಂದು ನಿಮಗೇ ಗೊತ್ತು.

ತಂತ್ರಾಂಶದಲ್ಲೂ ಇಂಥದೊಂದು ಕಥೆ ಉಂಟು, ಇದಕ್ಕಿಂತ ಹಳೆಯದು. ಹಾಲೆಂಡಿನ ಟಾನ್ ರೋಸೆಂಡಾಲ್ ಎಂಬವರು ಬ್ಲೆಂಡರ್ ಎಂಬ ತಂತ್ರಾಂಶ ಕಟ್ಟಿದ್ದರು. ಮೂರು ಆಯಾಮದ ಚಿತ್ರ, ಅನಿಮೇಶನ್ ಮಾಡುವ ಸಾಧನ. 2002ರಲ್ಲಿ ಅವರ ಕಂಪನಿ ಮುಳುಗಿತು. ಹಣ ಹಾಕಿದವರು ತಂತ್ರಾಂಶವನ್ನು ಬೀರುವಿನಲ್ಲಿಟ್ಟು ಬೀಗ ಜಡಿಯುವವರಿದ್ದರು. ರೋಸೆಂಡಾಲ್ ಅವರನ್ನು ಕೇಳಿದರು: ಎಷ್ಟು ಕೊಟ್ಟರೆ ಬಿಡುತ್ತೀರಿ? ಒಂದು ಲಕ್ಷ ಯೂರೋ. ಜುಲೈಯಲ್ಲಿ ಚಂದಾ ಶುರುವಾಯಿತು, ಏಳೇ ವಾರದಲ್ಲಿ ಲಕ್ಷ ಯೂರೋ ಸೇರಿತು. ಅಕ್ಟೋಬರ್ 13ರಂದು ಬ್ಲೆಂಡರಿನ ಮೂಲ ಬರಹ ಜಗತ್ತಿನ ಸೊತ್ತಾಯಿತು. 2025ರಲ್ಲಿ ಅತ್ಯುತ್ತಮ ಅನಿಮೇಶನ್ ಚಿತ್ರವೆಂದು ಆಸ್ಕರ್ ಪಡೆದ 'ಫ್ಲೋ' ಅದೇ ಬ್ಲೆಂಡರಿನಲ್ಲಿ ಮಾಡಿದ್ದು. ಅದನ್ನು ಮಾಡಿದವರು ಹಾಲಿವುಡ್‌ನವರಲ್ಲ, ಲಾಟ್ವಿಯಾದವರು. ಬೆಂಗಳೂರಿಗಿಂತ ಕಡಿಮೆ ಜನಸಂಖ್ಯೆಯ ಪುಟ್ಟ ದೇಶ! ನಮ್ಮ ಹುಡುಗರು ಇದನ್ನು ಗಮನಿಸಬೇಕು.

ಆದರೆ ಚಂದಾ ಎತ್ತಿದ್ದೆಲ್ಲ ಹೀಗೆ ಬಂಗಾರವಾಗಲಿಲ್ಲ. 2010ರಲ್ಲಿ ನ್ಯೂಯಾರ್ಕಿನ ನಾಲ್ವರು ವಿದ್ಯಾರ್ಥಿಗಳು ಫೇಸ್‌ಬುಕ್ಕಿಗೆ ಬದಲಿಯಾಗಿ 'ಡಯಾಸ್ಪೊರಾ' ಕಟ್ಟುತ್ತೇವೆಂದು ಹೊರಟರು. ಕೇಳಿದ್ದು 10 ಸಾವಿರ ಡಾಲರ್, ಬಂದದ್ದು 2 ಲಕ್ಷ. ಜನ ಫೇಸ್‌ಬುಕ್ ಮೇಲಿನ ಸಿಟ್ಟನ್ನು ಡಾಲರಿನಲ್ಲಿ ಕಕ್ಕಿದ್ದರು, ಅಷ್ಟೆ. ಹುಡುಗರ ಕೈಯಲ್ಲಿ ಇನ್ನೂ ತಂತ್ರಾಂಶವೇ ಇರಲಿಲ್ಲ, ಮಾತು ಮಾತ್ರ ಇತ್ತು. 2012ರಲ್ಲಿ ಅದನ್ನು ಸ್ವಯಂಸೇವಕರ ಕೈಗೊಪ್ಪಿಸಿ ಸರಿದರು. ಫೇಸ್‌ಬುಕ್ಕಿಗೆ ಕೂದಲೂ ಕೊಂಕಲಿಲ್ಲ. ಬ್ಲೆಂಡರಿಗೂ ಇದಕ್ಕೂ ವ್ಯತ್ಯಾಸ ನೋಡಿ. ಅಲ್ಲಿ ವಸ್ತು ಕಣ್ಣೆದುರು ಇತ್ತು, ಬಿಡಿಸಿಕೊಳ್ಳಲು ಬೆಲೆ ನಿಗದಿಯಾಗಿತ್ತು. ಇಲ್ಲಿ ಇದ್ದದ್ದು ಆವೇಶ. ಆವೇಶದ ಚಂದಾ ಏನಾಗುತ್ತದೆಂದು ಚಳವಳಿಯಲ್ಲಿರುವ ನಮಗೆ ಬೇರೆಯವರು ಹೇಳಬೇಕೆ?

ಇನ್ನು ಬೌಂಟಿ. ಇದರ ಅತಿ ಚೆಂದದ ರೂಪ ಡೊನಾಲ್ಡ್ ಕ್ನೂತ್ ಎಂಬ ಹಿರಿಯರದು. ತನ್ನ ಪುಸ್ತಕದಲ್ಲಿ ತಪ್ಪು ತೋರಿಸಿದವರಿಗೆ 2 ಡಾಲರ್ 56 ಸೆಂಟಿನ ಚೆಕ್ಕು. ಪಡೆದವರಲ್ಲಿ ಎಷ್ಟೋ ಜನ ಬ್ಯಾಂಕಿಗೆ ಹಾಕಲೇ ಇಲ್ಲ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅದು ಇನಾಮಲ್ಲ, ಪ್ರಶಸ್ತಿ. ಕ್ನೂತ್‌ಗೆ ವಿಶ್ವವಿದ್ಯಾಲಯದ ಸಂಬಳ ಬರುತ್ತಿತ್ತು, ತಪ್ಪು ಹುಡುಕಿದವರೂ ಅದರಿಂದ ಅಕ್ಕಿ ತರಬೇಕಾಗಿರಲಿಲ್ಲ. ಹೊಟ್ಟೆಪಾಡಿಗೆ ಬೌಂಟಿ ನಂಬಿದವರ ಕಥೆ ಬೇರೆ.

ಬೌಂಟಿಸೋರ್ಸ್ ಎಂಬ ಒಂದು ಸಂಸ್ಥೆ ಇತ್ತು. ಬಳಕೆದಾರರು ಅಲ್ಲಿ ಹಣ ಕಟ್ಟುವುದು, ಕೆಲಸ ಮುಗಿಸಿದವರು ಪಡೆಯುವುದು, ಪೆಟ್ಟಿಗೆ ಕಾಯಲು ಸಂಸ್ಥೆಗೆ ಒಂದಿಷ್ಟು ಪಾಲು. ಒಳ್ಳೆಯದೂ ನಡೆಯಿತು ಅಲ್ಲಿ. 2014ರಲ್ಲಿ ನಿಯೋವಿಮ್ ಎಂಬ ತಂತ್ರಾಂಶಕ್ಕೆ 10 ಸಾವಿರ ಡಾಲರ್ ಕೇಳಿದರೆ 33 ಸಾವಿರಕ್ಕೂ ಹೆಚ್ಚು ಬಂತು. ಆಮೇಲೆ ಮಾಲೀಕರು ಬದಲಾದರು. 2020ರಲ್ಲಿ ಒಂದು ದಿನ ಹೊಸ ನಿಯಮ: ಎರಡು ವರ್ಷ ಯಾರೂ ಪಡೆಯದ ಇನಾಮಿನ ಹಣ ಸಂಸ್ಥೆಗೇ ಸೇರುತ್ತದೆ! ಊರ ಹುಂಡಿಗೆ ಹಾಕಿದ ಕಾಸು ಪೂಜಾರಿಯ ಮನೆಗೆ! ಗಲಾಟೆಯಾದ ಮೇಲೆ ನಿಯಮ ವಾಪಸು ಪಡೆದರು. 2023ರಲ್ಲಿ ಇನ್ನೂ ದೊಡ್ಡದೇ ಆಯಿತು, ಕೆಲಸ ಮುಗಿಸಿದವರಿಗೆ ಹಣ ಕೈಸೇರುವುದೇ ನಿಂತಿತು. ಕೊಟ್ಟವರು ಪ್ರಾಮಾಣಿಕರು, ದುಡಿದವರು ಪ್ರಾಮಾಣಿಕರು, ನಡುವಿನ ಪೆಟ್ಟಿಗೆ ಮಾತ್ರ ತೂತು.

ಪೆಟ್ಟಿಗೆ ಗಟ್ಟಿಯಾಗಿದ್ದರೂ ಬೌಂಟಿಯಲ್ಲಿ ಮೂಲದ ದೋಷವೊಂದಿದೆ ಎಂಬುದು ನನ್ನ ಅಭಿಪ್ರಾಯ. ಹುಲಿ ಹೊಡೆದವನಿಗೆ ಇನಾಮು ಸರಿ. ಹುಲಿ ಬರದ ಹಾಗೆ ರಾತ್ರಿಯೆಲ್ಲ ಬೇಲಿ ಕಾದವನಿಗೆ? ಇಬ್ಬರು ಒಂದೇ ಕೆಲಸಕ್ಕೆ ಕೈಹಾಕಿ ಒಬ್ಬ ಒಂದು ದಿನ ಮೊದಲು ಮುಗಿಸಿದರೆ, ಇನ್ನೊಬ್ಬನ ತಿಂಗಳ ದುಡಿಮೆ ಮಣ್ಣುಪಾಲು. ಗಂಟು ಪಡೆದವನು ಅವಸರದಲ್ಲಿ ತುರುಕಿ ಹೋದ ಸಂಕೇತವನ್ನು ಪರೀಕ್ಷಿಸಿ, ಒಪ್ಪಿ, ಮುಂದಿನ ಹತ್ತು ವರ್ಷ ಅದರ ರಗಳೆ ಸಹಿಸುವವನು ಉಸ್ತುವಾರಿ ನೋಡುವವನು. ಅವನಿಗೆ ಬೌಂಟಿಯಲ್ಲಿ ಬಿಡಿಗಾಸಿಲ್ಲ.

ಉಸ್ತುವಾರಿಯವನನ್ನು ಹಸಿವಿನಲ್ಲಿಟ್ಟರೆ ಏನಾಗುತ್ತದೆ? ಎರಡೇ ಉದಾಹರಣೆ ಸಾಕು. ಬ್ಯಾಂಕಿನ ವ್ಯವಹಾರ, ಪಾಸ್‌ವರ್ಡು ಇವನ್ನೆಲ್ಲ ಗುಟ್ಟಾಗಿ ಸಾಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶ ಅರ್ಧ ಜಗತ್ತಿನ ಸರ್ವರುಗಳಲ್ಲಿ ಇತ್ತು. ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2 ಸಾವಿರ ಡಾಲರ್! ನಮ್ಮ ಗಣಪತಿ ಪೆಂಡಾಲಿಗೆ ಇದಕ್ಕಿಂತ ಹೆಚ್ಚು ಬರುತ್ತದೆ. 2012ರಲ್ಲಿ ಹೊಕ್ಕ ಒಂದು ತಪ್ಪು ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2014ರ ಏಪ್ರಿಲಿನಲ್ಲಿ 'ಹಾರ್ಟ್‌ಬ್ಲೀಡ್' ಎಂದು ಹೊರಬಿದ್ದಾಗ ದೊಡ್ಡ ದೊಡ್ಡ ಕಂಪನಿಗಳು ಎದೆ ಹಿಡಿದುಕೊಂಡು ಹಣ ಸುರಿಯಲು ಓಡಿಬಂದವು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ನಮ್ಮ ಸರ್ಕಾರಗಳ ಅಭ್ಯಾಸ ಎಂದುಕೊಂಡಿದ್ದೆ, ಅಮೆರಿಕದವರದೂ ಅದೇ.

ಎರಡನೆಯದು ಇನ್ನೂ ಭಯಂಕರ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ಸಾಧನ. ಅದನ್ನು ಬಹುಪಾಲು ಒಬ್ಬರೇ, ಸಂಬಳವಿಲ್ಲದೆ, ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದರು, ಹಾಗೆಂದು ಬಾಯಿಬಿಟ್ಟು ಹೇಳಿಯೂ ಇದ್ದರು. ಆಗ ಒಬ್ಬ 'ಸಹಾಯಕ' ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೀಲಿಕೈ ಪಡೆದು, 2024ರಲ್ಲಿ ಒಳಗೊಂದು ಕಳ್ಳಬಾಗಿಲು ಕೊರೆದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ತನ್ನ ಗಣಕ ಅರ್ಧ ಸೆಕೆಂಡು ನಿಧಾನವಾಯಿತಲ್ಲ ಎಂಬ ಅನುಮಾನ ಬಾರದಿದ್ದರೆ ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರುಗಳಿಗೆ ಕಳ್ಳ ನುಗ್ಗುತ್ತಿದ್ದ. ಯಾವ ಬೌಂಟಿ ಇದನ್ನು ತಡೆಯುತ್ತಿತ್ತು? ಒಬ್ಬ ದಣಿದ ಮನುಷ್ಯನಿಗೆ ಜೊತೆಗೊಬ್ಬ ಸಂಬಳದ ಜೊತೆಗಾರ ಇದ್ದಿದ್ದರೆ ತಡೆಯುತ್ತಿತ್ತು.

ನಮ್ಮ ಹಳೇ ಮೈಸೂರಿನ ಕೆರೆಗಳನ್ನು ನೆನಪಿಸಿಕೊಳ್ಳಿ. ಕೆರೆ ಕಟ್ಟಿಸಿದವನ ಹೆಸರು ಶಾಸನದ ಕಲ್ಲಿನ ಮೇಲೆ. ಆದರೆ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚಿ, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಇಲಿಬಿಲ ಮುಚ್ಚಿದವನು ನೀರುಗಂಟಿ. ಅವನಿಗೆ ಬಿಲಕ್ಕೆ ಇಷ್ಟು ಎಂದು ಯಾರೂ ಇನಾಮು ಕಟ್ಟಲಿಲ್ಲ. ಕಟ್ಟಿದ್ದರೆ ಅವನೇ ಬಿಲ ತೋಡುತ್ತಿದ್ದನೋ ಏನೋ! ಸುಗ್ಗಿಯಲ್ಲಿ ನೀರು ಉಂಡ ಪ್ರತಿ ರೈತನೂ ಕಣದಲ್ಲಿ ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದ. (ಆ ಪದ್ಧತಿ ಜಾತಿಯ ಕಟ್ಟಿನಲ್ಲಿ ಸಿಕ್ಕಿತ್ತು, ನೀರು ಹಂಚಿದವನನ್ನೇ ಬಾವಿಗೆ ಬಿಡದ ಊರುಗಳಿದ್ದವು. ಅದನ್ನು ನಾನು ಹೊಗಳುತ್ತಿಲ್ಲ. ಲೆಕ್ಕವನ್ನಷ್ಟೇ ಹೇಳುತ್ತಿದ್ದೇನೆ.) ನೀರುಗಂಟಿಗೆ ಕೊಡುವುದು ನಿಂತ ಮೇಲೆ ಎಷ್ಟು ಕೆರೆ ಹೂಳು ತುಂಬಿದವೆಂದು ಕೋಲಾರದ ಕಡೆಯವರನ್ನು ಕೇಳಿ.

ಬ್ಲೆಂಡರ್ ಬದುಕಿದ್ದು ಕೂಡ 2002ರ ಚಂದಾದಿಂದಲ್ಲ. ಚಂದಾ ಬೀಗ ತೆಗೆಸಿತು. ಆಮೇಲೆ ಪ್ರತಿಷ್ಠಾನ ಕಟ್ಟಿ, ಬಳಸುವವರಿಂದ ತಿಂಗಳು ತಿಂಗಳು ವಂತಿಗೆ ಪಡೆದು, ಕಂಪನಿಗಳಿಂದಲೂ ಕಿತ್ತು, ಬರೆಯುವವರಿಗೆ ಸಂಬಳ ಕೊಟ್ಟರು. 2019ರಲ್ಲಿ ಎಪಿಕ್ ಗೇಮ್ಸ್ ಕಂಪನಿಯೊಂದೇ 12 ಲಕ್ಷ ಡಾಲರ್ ಕೊಟ್ಟಿತು. ಕೆರೆಯೂ ಉಳಿಯಿತು, ನೀರುಗಂಟಿಯೂ ಉಳಿದ.

ಈಗ ನಮ್ಮ ಹಿತ್ತಲಿಗೆ ಬನ್ನಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ ಕನ್ನಡಿಗ ದುಡ್ಡಿಲ್ಲದೆ ಗಣಕದಲ್ಲಿ ಕನ್ನಡ ಬರೆದ. ಒಬ್ಬರ ಬಿಡುವಿನ ದುಡಿಮೆ ಅದು. ವರ್ಷಗಟ್ಟಲೆ ಬಳಸಿದೆವು, ಪತ್ರಿಕೆ ನಡೆಸಿದೆವು, ಪುಸ್ತಕ ಅಚ್ಚು ಹಾಕಿದೆವು, ಕಾಸು ಕಳಿಸಲಿಲ್ಲ. ಮುಂದೆ ಅದಕ್ಕೆ ಬೆಲೆ ಇಟ್ಟಾಗ 'ಕನ್ನಡವನ್ನು ಮಾರುತ್ತಿದ್ದಾರೆ' ಎಂದು ಗೊಣಗಿದವರನ್ನು ನಾನೇ ಕಂಡಿದ್ದೇನೆ. ಒಂದೇ ಒಂದು ಸಿನಿಮಾ ಟಿಕೆಟ್ಟಿನಷ್ಟು ಹಣ ವರ್ಷಕ್ಕೊಮ್ಮೆ ನಾವು ಸೇರಿಸಿ ಕೊಟ್ಟಿದ್ದರೆ? ಅದರ ಮೂಲ ಬರಹವನ್ನು ಬ್ಲೆಂಡರಿನ ಹಾಗೆ ನಾಡಿನ ಸೊತ್ತು ಮಾಡಿಕೊಡಿ ಎಂದು ಕೇಳುವ ಯೋಗ್ಯತೆಯಾದರೂ ನಮಗೆ ಇರುತ್ತಿತ್ತು.

ವಿ. ಕೃಷ್ಣ ಎಂಬ ಹಿರಿಯರು ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿ, 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ಯಾರು ಬೇಕಾದರೂ ಅದರ ಮೇಲೆ ಹೊಸ ಸಾಧನ ಕಟ್ಟಬಹುದು. ಅದನ್ನು ಗಣಕಕ್ಕೆ ಏರಿಸಲು ಕೈಜೋಡಿಸಿದವರು ಕೈಲಾಶ್ ನಾಧ್. ಅವರು ತಂತ್ರಜ್ಞಾನ ನೋಡಿಕೊಳ್ಳುವ ಬೆಂಗಳೂರಿನ ಜೆರೋಧಾ ಕಂಪನಿ 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು, ಜಗತ್ತಿನ ಯಾವ ಮೂಲೆಯವರೂ ಅರ್ಜಿ ಹಾಕಬಹುದು. ಬೆಂಗಳೂರಿನ ಕಂಪನಿಯೊಂದು ಹೀಗೆ ಮಾಡಿದ್ದಕ್ಕೆ ಭೇಷ್ ಎನ್ನೋಣ. ಹಾಗೆಯೇ ಇದೇ ಊರಿನ ಭೂಮಿ, ನೀರು, ವಿದ್ಯುತ್ ಬಳಸಿ, ಮುಕ್ತ ತಂತ್ರಾಂಶದ ಬೆನ್ನೇರಿ ಕೋಟಿ ಕೋಟಿ ಬಾಚಿದ ಉಳಿದವರನ್ನು 'ನಿಮ್ಮ ಪಾಲಿನ ಕಾಳು ಎಲ್ಲಿ?' ಎಂದು ಕೇಳೋಣ. ಅವರ ಗೇಟಿನ ಮುಂದೆ ಕನ್ನಡ ಬೋರ್ಡಿಗಾಗಿ ನಿಂತವರು ನಾವು. ಇದಕ್ಕೂ ನಿಲ್ಲಬಹುದು.

ಆದರೆ ಜಗತ್ತಿನ ನಿಧಿಗೆ ಕನ್ನಡದ ಕಾಗುಣಿತ ತಿದ್ದುವ ಸಾಧನ ಎಂದೂ ಮೊದಲ ಚಿಂತೆಯಾಗುವುದಿಲ್ಲ. ಹಳೆಯ ಪುಸ್ತಕದ ಹಾಳೆಯನ್ನು ಓದಿ ಅಕ್ಷರ ಮಾಡಿಕೊಡುವ ತಂತ್ರಾಂಶ ಕನ್ನಡದ ಒತ್ತಕ್ಷರದಲ್ಲಿ ಎಡವಿದರೆ ಕ್ಯಾಲಿಫೋರ್ನಿಯಾದವನ ನಿದ್ದೆ ಕೆಡುವುದಿಲ್ಲ. ಕೆಡಬೇಕಾದ್ದು ನಮ್ಮದು. ಮೆನುಗಳನ್ನು ಕನ್ನಡಕ್ಕೆ ತರುವವರು, ಫಾಂಟು ತಿದ್ದುವವರು, ಕೀಲಿಮಣೆ ಬರೆಯುವವರು ಬೆರಳೆಣಿಕೆಯ ಹುಡುಗ ಹುಡುಗಿಯರು. ನೌಕರಿ ಮುಗಿಸಿ, ಟ್ರಾಫಿಕ್ಕಿನಲ್ಲಿ ಬೆಂದು, ರಾತ್ರಿ ಹನ್ನೊಂದಕ್ಕೆ ಕೂರುತ್ತಾರೆ. ಮದುವೆಯಾಗುತ್ತದೆ, ಮಗುವಾಗುತ್ತದೆ, ಕೂರುವುದು ನಿಲ್ಲುತ್ತದೆ. ಅವರದೇನೂ ತಪ್ಪಿಲ್ಲ.

ಸಾವಿರ ಜನ ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ತಿಂಗಳಿಗೆ ಒಂದು ಲಕ್ಷ. ಇಬ್ಬರನ್ನು ಪೂರ್ಣಾವಧಿ ಕೂರಿಸಬಹುದು. ಸಾವಿರ ಜನ ಕನ್ನಡ ಸಂಘಟನೆಗಳಲ್ಲಿ ಇಲ್ಲವೆ? ಒಂದು ಮೆರವಣಿಗೆಗೆ ಅಷ್ಟು ಜನ ಸೇರುತ್ತಾರೆ. ಪೆಟ್ಟಿಗೆ ಯಾರದೋ ಕಂಪನಿಯ ಕೈಯಲ್ಲಿ ಬೇಡ, ನಮ್ಮ ಸಂಘದ ಅಧ್ಯಕ್ಷರ ಜೇಬಿನಲ್ಲಂತೂ ಬೇಡವೇ ಬೇಡ (ನನ್ನ ಮೇಲೆ ಸಿಟ್ಟಾದರೂ ಚಿಂತೆಯಿಲ್ಲ). ನೋಂದಾಯಿತ ಟ್ರಸ್ಟು, ಪ್ರತಿ ತಿಂಗಳ ಜಮಾಖರ್ಚು ಇದೇ ಪತ್ರಿಕೆಯಲ್ಲಿ ಅಚ್ಚಾಗಲಿ. ಆ ಹಣದಿಂದ ಬರೆದ ಪ್ರತಿ ಸಾಲೂ ಮುಕ್ತ ಪರವಾನಗಿಯಲ್ಲಿ ಹೊರಬರಬೇಕು, ಇದರಲ್ಲಿ ರಾಜಿ ಕೂಡದು. ಸಂಬಳ ಮೊದಲು ಇರುವುದನ್ನು ನೋಡಿಕೊಳ್ಳುವವರಿಗೆ. ಹೊಸತು ಕಟ್ಟಲು ನಡುನಡುವೆ ಒಂದು ದೊಡ್ಡ ಚಂದಾ ಎತ್ತೋಣ, ಲೂಸಿಯಾದ ಹಾಗೆ. ಬಿಡಿ ತಪ್ಪುಗಳಿಗೆ ಕಾಲೇಜು ಹುಡುಗರಿಗೆಂದು ಸಣ್ಣ ಬೌಂಟಿಯೂ ಇರಲಿ, ಕ್ನೂತ್ ಅವರ ಚೆಕ್ಕಿನ ಹಾಗೆ ಗೋಡೆಗೆ ತೂಗುಹಾಕಿಕೊಳ್ಳಲಿ.

ಈ ಸಲದ ರಾಜ್ಯೋತ್ಸವದ ರಸೀದಿ ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ. ನಮ್ಮ ಬಡಾವಣೆಯ ಸಮಿತಿಯಲ್ಲಿ ಪೆಂಡಾಲು, ಧ್ವನಿವರ್ಧಕ, ಅನ್ನಸಂತರ್ಪಣೆಯ ಪಕ್ಕದಲ್ಲಿ 'ಕನ್ನಡ ತಂತ್ರಾಂಶ' ಎಂದು ಇನ್ನೊಂದು ಕಲಂ ಸೇರಿಸಬೇಕೆಂದು ಹೇಳಿದ್ದೇನೆ. ಖಜಾಂಚಿ ಒಪ್ಪಿದ್ದಾರೆ, ಕಾರ್ಯದರ್ಶಿ 'ನೋಡೋಣ' ಎಂದಿದ್ದಾರೆ. ಆ ಹುಡುಗನಿಗೆ ಫೋನು ಮಾಡಿದೆ. ಸರ್ವರನ್ನು ನಿಲ್ಲಿಸಿ ಆರು ತಿಂಗಳಾಯಿತಂತೆ, ಕಡತಗಳೆಲ್ಲ ಮನೆಯ ಗಣಕದಲ್ಲಿ ಭದ್ರವಾಗಿವೆಯಂತೆ. 'ಬಾಡಿಗೆ ಸಿಕ್ಕರೆ ಒಂದು ಸಂಜೆಯಲ್ಲಿ ಮತ್ತೆ ಏರಿಸ್ತೀನಿ ಅಣ್ಣಾ' ಎಂದ.